ಹುಳ ಮುಟ್ಟಿದ ರೋಗಿಯನ್ನು ಫಸ್ಟ್ ಇಯರ್ ಮಕ್ಕಳಿಗೆ ತೋರಿಸುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ವಿಷಯದ್ದು. ಮೆಡಿಕಲ್ ಕಾಲೇಜುಗಳಲ್ಲಿ ಈಗ ಬಳಸುವ ವರ್ಚುವಲ್ ಪೇಷಂಟ್, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ಬರುವ ರೋಗಿ. ವಿದ್ಯಾರ್ಥಿ ಅವನನ್ನು ಮಾತನಾಡಿಸಬೇಕು, ಬೇಕಾದ ಪರೀಕ್ಷೆ ಮಾಡಿಸಬೇಕು, ಔಷಧಿ ಕೊಡಬೇಕು. ತಪ್ಪಾದರೆ ಪರದೆಯ ಮೇಲೆ ತಪ್ಪಾಗುತ್ತದೆ, ಮಂಚದ ಮೇಲೆ ಅಲ್ಲ. ಕೋಲಾರ, ಚಿಂತಾಮಣಿ, ಶಿರಾ, ತುಮಕೂರು, ಮುಳಬಾಗಿಲಿನಿಂದ ಬಂದ ಐದು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಉಳಿದ ಪತ್ರಗಳ ಬೇರೂ ಅಲ್ಲೇ ಇದೆ ಅನ್ನಿಸಿತು.

ಪ್ರಶ್ನೆ: ನಾನು ಕೋಲಾರದಲ್ಲಿ ಮೆಡಿಸಿನ್ ಪಾಠ ಮಾಡುತ್ತೇನೆ. ಫೈನಲ್ ಇಯರ್ ಹುಡುಗರಿಗೆ ಅಂತ ಹಾವು ಕಚ್ಚಿದ ರೈತನ ಕೇಸ್ ಒಂದನ್ನು ಬರೆದಿದ್ದೆ. ಚೆನ್ನಾಗಿ ನಡೆಯಿತು. ಈಗ ಅದನ್ನೇ ಫಸ್ಟ್ ಇಯರ್‌ಗೂ ಇಂಟರ್ನ್‌ಗಳಿಗೂ ಕೊಡಿ ಅಂದರು, ಕೊಟ್ಟೆ. ಫಸ್ಟ್ ಇಯರ್ ಮಕ್ಕಳು ಮೂರನೇ ಪರದೆಗೇ ಸುಸ್ತಾದರು. ಇಂಟರ್ನ್‌ಗಳು ಐದೇ ನಿಮಿಷದಲ್ಲಿ ಮುಗಿಸಿ ಫೋನ್ ತೆಗೆದರು. ಹಾಗಾದರೆ ಮೂರು ಬೇರೆ ಬೇರೆ ಕೇಸ್ ಬರೆಯಬೇಕಾ? ಅಷ್ಟು ಬಿಡುವು ನನಗೆಲ್ಲಿದೆ?

ಉತ್ತರ: ಬೇಡ ಮೇಡಂ, ರೋಗಿ ಒಬ್ಬನೇ ಸಾಕು. ಅವನ ವಿಷಯದಲ್ಲಿ ನೀವು ಎಷ್ಟನ್ನು ಮೊದಲೇ ಹೇಳಿಬಿಡುತ್ತೀರಿ, ಎಷ್ಟನ್ನು ವಿದ್ಯಾರ್ಥಿಯೇ ಕೇಳಿ ತಿಳಿಯಲಿ ಅಂತ ಬಿಡುತ್ತೀರಿ, ಅದನ್ನು ಬದಲಾಯಿಸಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ನಿಮ್ಮ ಕೇಸನ್ನೇ ಹಿಡಿದು ಮಾತನಾಡೋಣ. ಮುಳಬಾಗಿಲು ಕಡೆಯ ನಲವತ್ತೆರಡು ವರ್ಷದ ರೈತ. ರಾತ್ರಿ ತ್ರೀಫೇಸ್ ಕರೆಂಟ್ ಬಂದಾಗ ಟೊಮೆಟೊ ತೋಟಕ್ಕೆ ನೀರು ಬಿಡಲು ಹೋಗಿದ್ದ. ಬರಿಗಾಲು. ಆಸ್ಪತ್ರೆಗೆ ಬಂದವನು ಏನಂತ ಹೇಳುತ್ತಾನೆ? ನೀವು ಬರೆದಿರುವುದು "ಡಾಕ್ಟ್ರೇ, ಹಾವು ಕಚ್ಚಿತು" ಅಂತ. ನಮ್ಮ ಕಡೆ ಎಷ್ಟೋ ಜನ ಹಾಗೆ ಹೇಳುವುದೇ ಇಲ್ಲ, ಅಲ್ವಾ? "ಹುಳ ಮುಟ್ತು" ಅನ್ನುತ್ತಾರೆ. ರಾತ್ರಿ ಹೊತ್ತು ಹಾವಿನ ಹೆಸರು ಎತ್ತಬಾರದು ಅಂತ ಬೆಳೆದವರು ಅವರು. ಆಂಧ್ರದ ಗಡಿಯ ಹಳ್ಳಿಯವರಾದರೆ ತೆಲುಗಿನಲ್ಲಿ "ಪುರುಗು ಮುಟ್ಟಿಂದಿ" ಅಂತಾರೆ. ಹಾವನ್ನು ಕಣ್ಣಾರೆ ಕಂಡಿದ್ದರೆ ಕೊಳಕುಮಂಡಲ ಅನ್ನುವ ಬದಲು "ರಕ್ತಪಿಂಜರ" ಅಂದಾರು. ಈ ಒಂದು ಮಾತಿನಲ್ಲೇ ನಿಮ್ಮ ಕೇಸಿನ ಎರಡು ಮಟ್ಟ ಸಿಕ್ಕಿಬಿಡುತ್ತದೆ. ಫಸ್ಟ್ ಇಯರ್‌ಗೆ "ಹಾವು ಕಚ್ಚಿದೆ" ಅಂತ ನೇರವಾಗಿ ಹೇಳಿಬಿಡಿ. ಫೈನಲ್ ಇಯರ್‌ಗೆ "ಹುಳ ಮುಟ್ತು" ಅಂತ ಮಾತ್ರ ಕೊಡಿ. ಜೇನೋ, ಚೇಳೋ, ಹಾವೋ ಅಂತ ಕೇಳಿ ತಿಳಿಯುವುದು ಅವರ ಕೆಲಸ. ಬೆಂಗಳೂರಿನಲ್ಲಿ ಓದಿ ಬೆಳೆದ ಹುಡುಗನೊಬ್ಬ ಇದನ್ನು ಕೇಳಿ ಅಲರ್ಜಿ ಮಾತ್ರೆ ಬರೆದರೆ ಆಶ್ಚರ್ಯ ಪಡಬೇಡಿ. ಅವನು ಪರದೆಯ ಮುಂದೆ ಹಾಗೆ ಬರೆದದ್ದು ಒಳ್ಳೆಯದೇ ಆಯಿತು.

ಈಗ ಫಸ್ಟ್ ಇಯರ್. ಈ ಮಕ್ಕಳು ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ ಓದುತ್ತಿರುತ್ತಾರೆ. 2019ರಲ್ಲಿ ಹೊಸ ಪಠ್ಯಕ್ರಮ ಬಂದ ಮೇಲೆ ಮೊದಲ ವರ್ಷದಲ್ಲೇ ರೋಗಿಯ ಪರಿಚಯ ಮಾಡಿಸಬೇಕು ಅಂತಾಗಿದೆ. ಆದರೆ ಪರಿಚಯ ಬೇರೆ, ಚಿಕಿತ್ಸೆ ಬೇರೆ. ಯಾವ ಪರೀಕ್ಷೆ, ಎಷ್ಟು ಡೋಸ್ ಅಂತ ಅವರನ್ನು ಕೇಳುವುದು ಅನ್ಯಾಯ. ಕಥೆಯನ್ನು ನೀವೇ ಸಲೀಸಾಗಿ ಹೇಳಿಕೊಂಡು ಹೋಗಿ, ದಾರಿ ಒಂದೇ ಇರಲಿ, ಕವಲು ಬೇಡ. ನಡುವೆ ಒಂದು ಕಡೆ ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿ: ಇವನ ಒಸಡಿನಲ್ಲಿ ರಕ್ತ ಯಾಕೆ ನಿಲ್ಲುತ್ತಿಲ್ಲ? ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟಿಸುವ ಸರಣಿಯಲ್ಲಿ ಫ್ಯಾಕ್ಟರ್ 10 ಮತ್ತು 5 ಅನ್ನುವ ಪ್ರೋಟೀನುಗಳನ್ನು ಹಿಡಿದು ಎಬ್ಬಿಸುತ್ತದೆ. ಎಲ್ಲ ಕಡೆ ಸಣ್ಣ ಸಣ್ಣದಾಗಿ ಹೆಪ್ಪುಗಟ್ಟಿ, ಇದ್ದಬದ್ದ ಫ್ಯಾಕ್ಟರ್‌ಗಳೂ ಹೆಪ್ಪಿನ ಎಳೆಯಾಗುವ ಫೈಬ್ರಿನೋಜನ್ನೂ ಖರ್ಚಾಗಿಬಿಡುತ್ತವೆ. ಜಾತ್ರೆಗೆ ಅಂತ ಕೂಡಿಟ್ಟ ದುಡ್ಡೆಲ್ಲ ಮೊದಲ ದಿನವೇ ಮುಗಿದ ಹಾಗೆ. ನಿಜವಾಗಿ ರಕ್ತ ಸೋರುವಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಈ ಸರಣಿಯನ್ನು ಪುಸ್ತಕದಲ್ಲಿ ಉರು ಹೊಡೆಯುವ ಮಗುವಿಗೆ ಇಲ್ಲೊಬ್ಬ ಮನುಷ್ಯನ ಒಸಡು ಕಾಣಿಸಿತು ಅಂದರೆ ಆ ತರಗತಿಗೆ ಅಷ್ಟು ಸಾಕು. ಉತ್ತರವನ್ನೂ ತಕ್ಷಣ ಕೊಡಿ, ಕೊನೆಯವರೆಗೆ ಕಾಯಿಸಬೇಡಿ.

ಇದಕ್ಕೆ ಕಾರಣ ಇದೆ. ಜಾನ್ ಸ್ವೆಲ್ಲರ್ ಅನ್ನುವ ಶಿಕ್ಷಣ ಮನೋವಿಜ್ಞಾನಿ 1988ರಲ್ಲಿ ಬರೆದದ್ದು ಇಂದಿಗೂ ಪಾಠ ಮಾಡುವವರಿಗೆ ಕೈದೀಪ. ಹೊಸ ವಿಷಯವನ್ನು ಹಿಡಿದಿಟ್ಟುಕೊಳ್ಳುವ ನಮ್ಮ ತಕ್ಷಣದ ನೆನಪಿನ ಜಾಗ ತುಂಬಾ ಚಿಕ್ಕದು. ಹೊಸಬರಿಗೆ ಪ್ರತಿಯೊಂದು ಪದವೂ ಒಂದೊಂದು ಹೊರೆ. ಅವರಿಗೆ ಬಿಡಿಸಿ ತೋರಿಸಿದ ಉದಾಹರಣೆ ಬೇಕು. ಬಲಿತವರಿಗೆ ಅದೇ ಬಿಡಿಸಿ ತೋರಿಸುವಿಕೆ ಅಡ್ಡಿಯಾಗುತ್ತದೆ ಅಂತ ಮುಂದಿನ ಸಂಶೋಧನೆಗಳು ತೋರಿಸಿದವು. ನಿಮ್ಮ ಇಂಟರ್ನ್‌ಗಳು ಫೋನ್ ತೆಗೆದದ್ದು ಸೋಮಾರಿತನದಿಂದಲ್ಲ. ಅವರಿಗೆ ಮಾಡಲು ನೀವು ಕೆಲಸವನ್ನೇ ಉಳಿಸಿರಲಿಲ್ಲ.

ನಾನೂ ಇದೇ ತಪ್ಪು ಮಾಡಿದ್ದೇನೆ. ಹಿಂದೆ ಪಾಠ ಮಾಡುತ್ತಿದ್ದ ಕಡೆ ಫೈನಲ್ ಇಯರ್ ಕೇಸನ್ನು ಹಾಗೇ ಎತ್ತಿ ಫಸ್ಟ್ ಇಯರ್ ಹುಡುಗಿಯೊಬ್ಬಳ ಮುಂದೆ ಇಟ್ಟಿದ್ದೆ. ಅವಳು ಮೌಸ್ ಮೇಲೆ ಕೈಯಿಟ್ಟುಕೊಂಡು ಹತ್ತು ನಿಮಿಷ ಅಲುಗದೆ ಕೂತಿದ್ದಳು. ಪರದೆಯಲ್ಲಿ ಇಪ್ಪತ್ತೆರಡು ಪರೀಕ್ಷೆಗಳ ಪಟ್ಟಿ. "ಇದರಲ್ಲಿ ಅರ್ಧದ ಹೆಸರೇ ಗೊತ್ತಿಲ್ಲ ಸರ್" ಅಂದಳು, ಕಣ್ಣಲ್ಲಿ ನೀರು. ಆ ಮುಖ ಇನ್ನೂ ಮರೆತಿಲ್ಲ.

ಸೆಕೆಂಡ್ ಇಯರ್‌ಗೆ ಬಂದರೆ ಫಾರ್ಮಕಾಲಜಿ, ಪೆಥಾಲಜಿ, ಮೈಕ್ರೋಬಯಾಲಜಿ. ಇವರಿಗೆ ಅದೇ ರೈತನ ಎರಡನೇ ಗಂಟೆ ತೋರಿಸಿ. ಎಎಸ್‌ವಿ, ಅಂದರೆ ಹಾವಿನ ವಿಷ ಇಳಿಸುವ ಮದ್ದು, ಹನಿ ಹನಿಯಾಗಿ ಹೋಗುತ್ತಿದೆ, ಮೈಯೆಲ್ಲ ದದ್ದು ಎದ್ದಿತು, ಬಿಪಿ ಬಿತ್ತು. ಯಾಕೆ? ಅದು ಕುದುರೆಯ ರಕ್ತದಿಂದ ತೆಗೆದ ಆಂಟಿಬಾಡಿ, ನಮ್ಮ ದೇಹಕ್ಕೆ ಹೊರಗಿನದು. ಡ್ರಿಪ್ ನಿಲ್ಲಿಸಿ, ಅಡ್ರಿನಲಿನ್ 0.5 ಮಿಲಿಗ್ರಾಂ ತೊಡೆಯ ಹೊರಭಾಗದ ಸ್ನಾಯುವಿಗೆ. ಮೊದಲೇ ಚರ್ಮದ ಮೇಲೆ ಟೆಸ್ಟ್ ಡೋಸ್ ಕೊಟ್ಟು ನೋಡಬಹುದಿತ್ತಲ್ಲ ಅಂತ ಒಬ್ಬರಾದರೂ ಕೇಳುತ್ತಾರೆ. ಯಾರಿಗೆ ರಿಯಾಕ್ಷನ್ ಆಗುತ್ತದೆ ಅಂತ ಅದು ಹೇಳುವುದಿಲ್ಲ, ಹಾಗಾಗಿ ಮಾಡಬಾರದು. ಎರಡು ಮೂರು ಕವಲು ಇಲ್ಲಿ ಪರವಾಗಿಲ್ಲ.

ಫೈನಲ್ ಇಯರ್‌ಗೆ ನೀವು ಬರೆದದ್ದು ಇದ್ದೇ ಇದೆ. ಒಂದೇ ಸಲಹೆ. ಅದೇ ಕೇಸಿಗೆ ಒಬ್ಬ ತಮ್ಮನನ್ನು, ಅಂದರೆ ಜೋಡಿ ಕೇಸೊಂದನ್ನು ಬರೆಯಿರಿ, ನಾಲ್ಕು ಸಾಲು ಬದಲಾಯಿಸಿದರೆ ಸಾಕು. ತೋಟದ ಬದಲು ಮನೆ, ನೆಲದ ಮೇಲೆ ಮಲಗಿದ್ದ, ನೋವಿಲ್ಲ, ಊತವಿಲ್ಲ, ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲು ಬಿದ್ದಿದೆ, ರಕ್ತ ಮಾತ್ರ ಸರಿಯಾಗಿ ಹೆಪ್ಪುಗಟ್ಟುತ್ತಿದೆ. ಇದು ಕಟ್ಟುಹಾವು. ಮೊದಲ ಕೇಸಿನ ಉತ್ತರ ಕಂಠಪಾಠ ಮಾಡಿದವರು ಇಲ್ಲಿ ಎಡವುತ್ತಾರೆ. ಕಲಿಯುವುದೂ ಇಲ್ಲೇ, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ.

ಇಂಟರ್ನ್‌ಗಳ ಕೇಸಿನಲ್ಲಿ ಕಾಯಿಲೆಯ ಹೆಸರನ್ನು ಮೊದಲ ಸಾಲಿನಲ್ಲೇ ಕೊಟ್ಟುಬಿಡಿ. ಅವರ ಕಷ್ಟ ಅದಲ್ಲ. ರಾತ್ರಿ ಎರಡು ಗಂಟೆ, ಡ್ಯೂಟಿಯಲ್ಲಿ ಒಬ್ಬರೇ, ಅಲಮಾರಿಯಲ್ಲಿ ಎಎಸ್‌ವಿ ಹತ್ತೇ ವಯಲ್ (ಸಣ್ಣ ಸೀಸೆ), ಹೊರಗೆ ಹತ್ತು ಜನ ನಿಂತು "ಉಳೀತಾನಾ ಡಾಕ್ಟ್ರೇ?" ಅಂತ ಕೇಳುತ್ತಿದ್ದಾರೆ, ಕಾಲಿಗೆ ಬಿಗಿಯಾಗಿ ಟವೆಲ್ ಕಟ್ಟಿದ್ದಾರೆ, ಊರಲ್ಲಿ ಯಾರೋ ಬ್ಲೇಡಿನಿಂದ ಗೀರಿದ್ದಾರೆ. ಇಂಥ ಕಡೆ ಸಣ್ಣ ವಿಷಯವೇ ದೊಡ್ಡದು. ಇಪ್ಪತ್ತು ನಿಮಿಷದ ರಕ್ತಪರೀಕ್ಷೆಯನ್ನೇ ತೆಗೆದುಕೊಳ್ಳಿ. ಎರಡು ಎಂಎಲ್ ರಕ್ತವನ್ನು ಟೆಸ್ಟ್ ಟ್ಯೂಬಿಗೆ ಹಾಕಿ, ಇಪ್ಪತ್ತು ನಿಮಿಷ ಅಲುಗಾಡಿಸದೆ ಬಿಟ್ಟು, ಆಮೇಲೆ ಒಂದು ಸಲ ಬಗ್ಗಿಸಿ ನೋಡುವುದು. ರಕ್ತ ನೀರಿನ ಹಾಗೆ ಹರಿದರೆ ವಿಷ ಏರಿದೆ. ಎಲ್ಲರಿಗೂ ಗೊತ್ತು. ಈಗ ಅವರ ಮುಂದೆ ಮೂರು ಟ್ಯೂಬ್ ಇಡಿ: ಪ್ಲಾಸ್ಟಿಕ್ಕಿನದು ಒಂದು, ಸೋಪಿನ ಪುಡಿಯಲ್ಲಿ ತೊಳೆದು ಒಣಗಿಸಿದ ಗಾಜಿನದು ಒಂದು, ಹೊಸ ಗಾಜಿನದು ಒಂದು. ಮೊದಲ ಎರಡರಲ್ಲಿ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಇರಬಹುದು, ಯಾಕಂದರೆ ಹೆಪ್ಪುಗಟ್ಟುವಿಕೆ ಶುರುವಾಗಲು ಗಾಜಿನ ಮೈ ಬೇಕು, ಸೋಪಿನ ಅಂಶ ಅದನ್ನು ಕೆಡಿಸುತ್ತದೆ. ತಪ್ಪು ಟ್ಯೂಬ್ ಆರಿಸಿದರೆ ಬೇಡದ ಹತ್ತು ವಯಲ್ ಖರ್ಚು, ಅದರ ಜೊತೆಗೆ ರಿಯಾಕ್ಷನ್ನಿನ ಅಪಾಯ. ಆ ಇಪ್ಪತ್ತು ನಿಮಿಷವನ್ನು ಒಂದು ಗುಂಡಿ ಒತ್ತಿ ದಾಟಲು ಬಿಡಬೇಡಿ. ಅಷ್ಟರಲ್ಲಿ ಮನೆಯವರ ಜೊತೆ ಮಾತನಾಡಲಿ, ಮೂತ್ರ ಎಷ್ಟು ಹೋಗಿದೆ ನೋಡಲಿ, ಕಿಡ್ನಿ ಕೈಕೊಟ್ಟರೆ ಡಯಾಲಿಸಿಸ್ ಇರುವ ಕಡೆ ಯಾವ ಹೊತ್ತಿಗೆ ಕಳಿಸಬೇಕು ಅಂತ ತೀರ್ಮಾನ ಮಾಡಲಿ. ಕೊನೆಯಲ್ಲಿ ವರದಿ. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತವನ್ನು ಸರ್ಕಾರಕ್ಕೆ ತಿಳಿಸಲೇಬೇಕು. ಇಂಟರ್ನ್ ಆದವರು ಅದನ್ನು ಮಾಡಿ ಕಲಿಯಬೇಕು. ತಿದ್ದುವ ಮಾತೆಲ್ಲ ಕೇಸ್ ಮುಗಿದ ಮೇಲೆ ಇರಲಿ, ನಡುವೆ ಬಾಯಿ ಹಾಕಬೇಡಿ.

ಇನ್ನು ಬಿಡುವಿನ ಮಾತು. ನಿಮ್ಮ ಕೇಸಿನ ಮೂಲ ಕಾಗದ ಒಂದೇ ಇರಲಿ. ಅದರಲ್ಲಿ ರೋಗಿಯ ಇಡೀ ರಾತ್ರಿ ಗಂಟೆ ಗಂಟೆಗೆ ಬರೆದಿರಲಿ. ಯಾವ ತರಗತಿಗೆ ಯಾವ ಗಂಟೆ, ಎಲ್ಲಿ ಮುಚ್ಚುವುದು, ಎಲ್ಲಿ ತೆರೆಯುವುದು ಅಂತ ಪಕ್ಕದಲ್ಲಿ ಗುರುತು ಹಾಕಿಕೊಳ್ಳಿ. ಒಂದು ಮಧ್ಯಾಹ್ನದ ಕೆಲಸ.

ಪ್ರಶ್ನೆ: ನಾನು ಎಂಬಿಬಿಎಸ್ ವಿದ್ಯಾರ್ಥಿ, ಊರು ಚಿಂತಾಮಣಿ. ನಿಜ ಹೇಳುತ್ತೇನೆ, ಈ ಕೇಸ್‌ಗಳಲ್ಲಿ ನಾನು ಎಲ್ಲ ಪರೀಕ್ಷೆಗಳ ಮೇಲೂ ಕ್ಲಿಕ್ ಮಾಡುತ್ತೇನೆ. ಯಾವುದಾದರೂ ಒಂದರಲ್ಲಿ ಉತ್ತರ ಸಿಕ್ಕೇ ಸಿಗುತ್ತದೆ. ಮಾರ್ಕ್ಸ್ ಬರುತ್ತದೆ, ಆದರೆ ಕಲಿತೆ ಅನ್ನಿಸುವುದಿಲ್ಲ.

ಉತ್ತರ: ಮುಚ್ಚಿಡದೆ ಬರೆದಿರಿ, ಬಹಳ ಸಂತೋಷ. ತಪ್ಪು ಅರ್ಧ ನಿಮ್ಮದು, ಅರ್ಧ ಕೇಸ್ ಬರೆದವರದು. ಎಲ್ಲವನ್ನೂ ಪುಕ್ಕಟೆ ಒತ್ತಲು ಬಿಟ್ಟರೆ ಯಾರಾದರೂ ಒತ್ತುತ್ತಾರೆ. ಕೆನಡಾದ ಮೆಡಿಕಲ್ ಕೌನ್ಸಿಲ್ ಪರೀಕ್ಷೆಗಾಗಿ ಜಾರ್ಜ್ ಬೋರ್ದಾಜ್ ಮತ್ತು ಗಾರ್ಡನ್ ಪೇಜ್ ಒಂದು ಕ್ರಮ ರೂಪಿಸಿದರು. ಯಾವುದೇ ಕೇಸಿನಲ್ಲಿ ರೋಗಿಯ ಗತಿ ನಿರ್ಧರಿಸುವ ಹೆಜ್ಜೆ ಎರಡೋ ಮೂರೋ ಇರುತ್ತದೆ, ಪರೀಕ್ಷಿಸುವುದಾದರೆ ಅವನ್ನೇ ಪರೀಕ್ಷಿಸಿ ಅನ್ನುವುದು ಅದರ ತಿರುಳು. ಬೇಡದ್ದನ್ನು ಜಾಸ್ತಿ ಆರಿಸಿದರೆ ಅಂಕ ಹೋಗುವ ಹಾಗೂ ಮಾಡಬಹುದು. ನಿಮ್ಮ ಅಧ್ಯಾಪಕರಿಗೆ ಇದನ್ನು ತೋರಿಸಿ.

ನಿಮ್ಮ ಕೈಯಲ್ಲಿರುವುದು ಇಷ್ಟು. ಮೌಸ್ ಮುಟ್ಟುವ ಮೊದಲು ಒಂದು ಚೀಟಿ ತೆಗೆದು, ಏನಿರಬಹುದು ಅಂತ ಮೂರು ಕಾಯಿಲೆಗಳ ಹೆಸರು ಪೆನ್ನಿನಲ್ಲಿ ಬರೆಯಿರಿ. ಪ್ರತಿ ಪರೀಕ್ಷೆಗೂ ಮೊದಲು, ಇದು ಹೀಗೆ ಬಂದರೆ ಯಾವ ಹೆಸರನ್ನು ಹೊಡೆದುಹಾಕುತ್ತೇನೆ ಅಂತ ಕೇಳಿಕೊಳ್ಳಿ. ಯಾವುದನ್ನೂ ಹೊಡೆಯುವುದಿಲ್ಲ ಅಂತಾದರೆ ಆ ಪರೀಕ್ಷೆ ಬೇಡ. ಮುಂದೆ ವಾರ್ಡಿನಲ್ಲಿ ನೀವು ಸ್ಕ್ಯಾನ್ ಅಂದ ತಕ್ಷಣ ಒಬ್ಬ ಅಜ್ಜಿ ಸೀರೆ ಸೆರಗಿನ ಗಂಟು ಬಿಚ್ಚಿ "ಎಷ್ಟಾಗುತ್ತಪ್ಪ?" ಅಂತ ಕೇಳುತ್ತಾಳೆ. ಆ ಗಂಟು ಈಗಲೇ ಕಣ್ಣ ಮುಂದಿರಲಿ.

ಪ್ರಶ್ನೆ: ನಾವು ಶಿರಾ ಹತ್ತಿರದವರು. ಸಾಲ ಮಾಡಿ ಮಗಳನ್ನು ಡಾಕ್ಟರ್ ಓದಿಸುತ್ತಿದ್ದೇವೆ. ಅವಳು ಕಂಪ್ಯೂಟರಿನಲ್ಲಿ ರೋಗಿ ನೋಡುತ್ತೇನೆ ಅಂತಾಳೆ. ನಿಜವಾದ ರೋಗಿಯನ್ನು ಯಾವಾಗ ನೋಡುತ್ತಾಳೆ?

ಉತ್ತರ: ಅಣ್ಣಾ, ನಿಮ್ಮ ಆತಂಕ ನ್ಯಾಯವಾದದ್ದು. ನಿಜವಾದ ರೋಗಿಗೆ ಬದಲಾಗಿ ಕಂಪ್ಯೂಟರ್ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಎಂಬಿಬಿಎಸ್ ಅಂದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ವಾರ್ಡಿನ ಪಾಠ ಅದರಲ್ಲಿ ಕಡ್ಡಾಯ. ಈಗ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ವರ್ಷಗಟ್ಟಲೆ ಅವರ ಮನೆಗೆ ಹೋಗಿ ಬರುವ ಕಾರ್ಯಕ್ರಮವೂ ಇದೆ. ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ವೈದ್ಯಶಿಕ್ಷಕರು 1990ರಲ್ಲಿ ಕಲಿಕೆಗೆ ನಾಲ್ಕು ಮೆಟ್ಟಿಲು ಹೇಳಿದರು: ಗೊತ್ತಿರುವುದು, ಹೇಗೆ ಅಂತ ಗೊತ್ತಿರುವುದು, ಮಾಡಿ ತೋರಿಸುವುದು, ದಿನವೂ ಮಾಡುವುದು. ಪರದೆಯ ರೋಗಿ ನಿಮ್ಮ ಮಗಳನ್ನು ಎರಡನೇ ಮೆಟ್ಟಿಲಿಗೆ ಚೆನ್ನಾಗಿ ಹತ್ತಿಸುತ್ತಾನೆ. ಹೊಟ್ಟೆಯ ಮೇಲೆ ಕೈಯಿಟ್ಟು ಲಿವರ್ ಸಿಗುತ್ತದಾ ನೋಡುವುದನ್ನು ಅವನು ಕಲಿಸಲಾರ. ಆದರೆ ಹಾವು ಕಚ್ಚಿದವರು, ನಂಜು ಏರಿದ ಬಾಣಂತಿ ಇಂಥವರು ಅವಳ ಡ್ಯೂಟಿ ದಿನವೇ ಬರುತ್ತಾರೆ ಅನ್ನುವ ಹಾಗಿಲ್ಲವಲ್ಲ. ಬಂದಾಗ ಕೈ ನಡುಗದಿರಲಿ ಅಂತ ಈ ಅಭ್ಯಾಸ. ಮುಂದಿನ ಸಲ ಊರಿಗೆ ಬಂದಾಗ "ಈ ವಾರ ಎಷ್ಟು ಜನ ರೋಗಿಗಳನ್ನು ಮಾತನಾಡಿಸಿದೆ?" ಅಂತ ಅವಳನ್ನು ಕೇಳಿ. ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ತುಮಕೂರಿನಲ್ಲಿ ಉಪನ್ಯಾಸಕ. ವಿದೇಶದಲ್ಲಿ ಸಿದ್ಧಪಡಿಸಿದ ಒಳ್ಳೆಯ ಕೇಸ್‌ಗಳು ಸಿಕ್ಕಿವೆ, ಬಳಸಲು ಅನುಮತಿಯೂ ಇದೆ. ಹೆಸರು ಬದಲಾಯಿಸಿ ಕೊಟ್ಟರೆ ಸಾಕಾ?

ಉತ್ತರ: ಸಾಲದು. ಯುರೋಪಿನ ಕೆಲವು ವಿಶ್ವವಿದ್ಯಾಲಯಗಳು ಸೇರಿ 2007ರಿಂದ 2010ರವರೆಗೆ ಇವಿಪ್ ಅನ್ನುವ ಯೋಜನೆಯಲ್ಲಿ ಇದನ್ನೇ ಮಾಡಿದವು. ಒಬ್ಬರ ಕೇಸನ್ನು ಇನ್ನೊಬ್ಬರ ಭಾಷೆಗೆ, ಊರಿಗೆ, ತರಗತಿಗೆ ಒಗ್ಗಿಸುವುದು. ಹೊಸದಾಗಿ ಬರೆಯುವುದಕ್ಕಿಂತ ಇದು ಹಗುರ, ಆದರೆ ಸುಮ್ನೆ ಆಗುವ ಕೆಲಸವಲ್ಲ.

ಮೊದಲು ಅಂಕಿಗಳು. ಅವರು ಮಿಲಿಮೋಲ್ ಲೆಕ್ಕದಲ್ಲಿ ರಕ್ತದ ಸಕ್ಕರೆ 5.6 ಅಂತ ಬರೆದಿದ್ದರೆ ನಮ್ಮ ಮಿಲಿಗ್ರಾಂ ಲೆಕ್ಕದಲ್ಲಿ ಸುಮಾರು 100. ಹದಿನೆಂಟರಿಂದ ಗುಣಿಸಬೇಕು. ಜ್ವರ 38.5 ಸೆಲ್ಸಿಯಸ್ ಇದ್ದರೆ ನಮ್ಮ ವಾರ್ಡಿನ ಚಾರ್ಟಿನಲ್ಲಿ 101.3 ಫ್ಯಾರನ್‌ಹೀಟ್. ಆಮೇಲೆ ಮನುಷ್ಯ. ಅಲ್ಲಿನ ಅರವತ್ತರ ಅಜ್ಜ ಒಬ್ಬನೇ ಕಾರು ಓಡಿಸಿಕೊಂಡು ಬಂದು ತನ್ನ ಮಾತ್ರೆಗಳ ಪಟ್ಟಿ ಒಪ್ಪಿಸುತ್ತಾನೆ. ನಮ್ಮಲ್ಲಿ ಆಟೋದಲ್ಲಿ ನಾಲ್ಕು ಜನ ಬರುತ್ತಾರೆ, ಮಗ ಉತ್ತರ ಹೇಳುತ್ತಾನೆ, ಸೊಸೆ ತಿದ್ದುತ್ತಾಳೆ, ಅಜ್ಜ ಗೋಡೆ ನೋಡುತ್ತಿರುತ್ತಾನೆ, ಮಾತ್ರೆ ಯಾವುದು ಅಂದರೆ "ಕೆಂಪಂದು, ಸಣ್ಣಂದು" ಅಂತ ಉತ್ತರ ಬರುತ್ತದೆ. ಮೊದಲ ವರ್ಷಗಳ ಕೇಸಿನಲ್ಲಿ ಅಜ್ಜನೇ ನೇರವಾಗಿ ಮಾತನಾಡಲಿ. ಫೈನಲ್ ಇಯರ್‌ಗೆ ಆ ನಾಲ್ಕೂ ಜನರನ್ನು ಒಳಗೆ ಬಿಡಿ.

ಎಲ್ಲಕ್ಕಿಂತ ಮುಖ್ಯ ಕಾಯಿಲೆಗಳ ಪಟ್ಟಿ. ಬೆನ್ನು ಸೆಟೆದುಕೊಂಡ ಐವತ್ತರ ಗಂಡಸಿನ ಕೇಸ್ ಅಂದುಕೊಳ್ಳಿ. ವಿದೇಶದ ಉತ್ತರ ಬೆನ್ನುಮೂಳೆಯ ಯಾವುದೋ ಉರಿಯೂತ. ಅದೇ ಮನುಷ್ಯ ಪಾವಗಡದವನಾದರೆ? ಮೊದಲ ಪ್ರಶ್ನೆಯೇ "ಯಾವ ನೀರು ಕುಡೀತೀರಿ, ಎಷ್ಟು ವರ್ಷದಿಂದ?" ಅಂತಾಗಬೇಕು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ನಮ್ಮ ಈ ಮೂರೂ ಜಿಲ್ಲೆಗಳ ಎಷ್ಟೋ ಬೋರ್‌ವೆಲ್ ನೀರು ಅದನ್ನು ದಾಟಿದೆ. ಫಸ್ಟ್ ಇಯರ್‌ಗೆ ಇವನ ಮೊಮ್ಮಗಳ ಹಲ್ಲಿನ ಕಂದು ಪಟ್ಟೆ ತೋರಿಸಿ, ಮೂಳೆಯ ಲವಣದೊಳಗೆ ಫ್ಲೋರೈಡ್ ಹೇಗೆ ಸೇರಿಕೊಳ್ಳುತ್ತದೆ ಅಂತ ಕೇಳಿ. ಫೈನಲ್ ಇಯರ್‌ಗೆ ಮುಂಗೈ ಎಕ್ಸ್‌ರೇ ಕೊಡಿ. ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದನ್ನು ಅವರೇ ಗುರುತಿಸಲಿ. ಇಂಟರ್ನ್‌ಗೆ ಇಡೀ ಊರನ್ನು ಕೊಡಿ. ಒಬ್ಬನ ಬೆನ್ನು ಹೀಗಾಗಿದ್ದರೆ ಪಕ್ಕದ ಮನೆಯವರದು? ನೀರನ್ನು ಎಲ್ಲಿ ಪರೀಕ್ಷೆ ಮಾಡಿಸುತ್ತೀರಿ, ಪಂಚಾಯಿತಿಯವರಿಗೆ ಏನು ಹೇಳುತ್ತೀರಿ?

ಪ್ರಶ್ನೆ: ನಾನು ನೋಡಿದ ನಿಜವಾದ ರೋಗಿಯ ಕಥೆಯನ್ನೇ ಕೇಸ್ ಮಾಡಬಹುದಾ? — ಇಂಟರ್ನ್, ಮುಳಬಾಗಿಲು.

ಉತ್ತರ: ಮಾಡಬಹುದು, ಒಳ್ಳೆಯ ಕೇಸ್‌ಗಳೆಲ್ಲ ಹುಟ್ಟುವುದೇ ಹಾಗೆ. ಆದರೆ ಅವರ ಒಪ್ಪಿಗೆಯನ್ನು ಬರಹದಲ್ಲಿ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಪಡೆಯಿರಿ. ಆಸ್ಪತ್ರೆಯ ನಿಯಮ ಏನಿದೆ ಅಂತಲೂ ಕೇಳಿ. ಹೆಸರು ತೆಗೆದರೆ ಸಾಕು ಅಂದುಕೊಳ್ಳಬೇಡಿ. ನಮ್ಮದು ಸಣ್ಣ ಊರುಗಳು. "ಮಾವಿನ ಮಂಡಿ ಇಟ್ಟಿರುವ, ಒಂದು ಕಾಲು ಕಳೆದುಕೊಂಡ, ಇಬ್ಬರು ಅವಳಿ ಮಕ್ಕಳ ತಂದೆ" ಅಂತ ಬರೆದರೆ ಶ್ರೀನಿವಾಸಪುರದ ಅರ್ಧ ಜನಕ್ಕೆ ಯಾರು ಅಂತ ಗೊತ್ತಾಗುತ್ತದೆ. ವಯಸ್ಸು ನಾಲ್ಕೈದು ವರ್ಷ ಸರಿಸಿ, ಊರು, ಕಸುಬು, ಮಕ್ಕಳ ಸಂಖ್ಯೆ ಬದಲಾಯಿಸಿ. ಕಾಯಿಲೆಗೆ ಸಂಬಂಧಿಸಿದ್ದನ್ನು ಮಾತ್ರ ಮುಟ್ಟಬೇಡಿ. ಹಾವಿನ ಕೇಸಿನಲ್ಲಿ ಬರಿಗಾಲು, ರಾತ್ರಿ ಕರೆಂಟು ಹಾಗೇ ಉಳಿಯಬೇಕು. ಫೋಟೊ ಹಾಕುವುದಾದರೆ ಊದಿದ ಪಾದ ಮಾತ್ರ. ಮುಖ ಬೇಡ, ಕೈಯ ಮೇಲಿನ ಹಚ್ಚೆಯೂ ಬೇಡ.

ಬರೆದು ಮುಗಿಸಿದ ಮೇಲೆ ನಿಮ್ಮ ವಾರ್ಡಿನ ಆಯಮ್ಮನನ್ನು ಕೂರಿಸಿಕೊಂಡು ರೋಗಿಯ ಮಾತುಗಳನ್ನು ಗಟ್ಟಿಯಾಗಿ ಓದಿ. ನನ್ನ ಹಾವಿನ ಕೇಸನ್ನು ಹಾಗೆ ಓದಿದಾಗ ಮೊದಲ ಸಾಲಿಗೇ ತಡೆದು, "ಹಂಗ್ಯಾರೂ ಅನ್ನಲ್ಲ ಸಾರ್, ಹುಳ ಮುಟ್ತು ಅನ್ನಿ" ಅಂತ ತಿದ್ದಿದವರು ನಮ್ಮ ವಾರ್ಡಿನ ಆಯಮ್ಮನೇ.